ಸೈಕಾಲಜಿ ಓದೋದು ಹೇಗೆ: ಕಾನ್ಸೆಪ್ಟು, ರಿಸರ್ಚ್ ಮೆಥಡ್ಸು ಎರಡನ್ನೂ ಒಟ್ಟಿಗೆ

ಪಿಯುಸಿಲಿ ಸೈಕಾಲಜಿ ತಗೊಂಡೋರು, ಬಿಎ ಶುರು ಮಾಡಿರೋರು, ಬಿಎಡ್‌ಗೆ ಅಂತ ಓದ್ತಿರೋರು, ಕೆಲಸದ ಜೊತೆಗೆ ಆಸಕ್ತಿಗೆ ಅಂತ ಶುರು ಮಾಡಿರೋರು, ಎಲ್ಲರ ಬಾಯಲ್ಲೂ ಒಂದೇ ಮಾತು: ಕಾನ್ಸೆಪ್ಟ್ಸ್ ಏನೋ ಓದಿಸ್ಕೊಂಡು ಹೋಗತ್ತೆ, ರಿಸರ್ಚ್ ಮೆಥಡ್ಸ್ ಬಂದ್ರೆ ಮಾತ್ರ ತಲೆಗೆ ಹತ್ತಲ್ಲ. ಸಿಲಬಸ್‌ನಲ್ಲಿ ಇವೆರಡನ್ನ ಬೇರೆ ಬೇರೆ ಪೇಪರ್ ಮಾಡಿಟ್ಟಿರೋದೇ ಇದಕ್ಕೆ ಮುಖ್ಯ ಕಾರಣ ಅನ್ನೋದು ನನ್ನ ಅಭಿಪ್ರಾಯ. ಒಂದು ಪೇಪರ್‌ನಲ್ಲಿ "ನೆನಪು ಅಂದ್ರೆ ಹೀಗೆ" ಅಂತ ಓದ್ತೀವಿ, ಇನ್ನೊಂದರಲ್ಲಿ ವೇರಿಯಬಲ್, ಸ್ಯಾಂಪ್ಲಿಂಗ್, ಹೈಪಾಥಿಸಿಸ್ ಅಂತ ಡೆಫಿನಿಷನ್ ಉರು ಹೊಡೀತೀವಿ, ಎರಡೂ ಒಂದನ್ನೊಂದು ಮುಟ್ಟೋದೇ ಇಲ್ಲ. ಆದ್ರೆ ಸೈಕಾಲಜಿಲಿ ಇರೋ ಹೆಚ್ಚಿನ ಕಾನ್ಸೆಪ್ಟುಗಳು ಯಾರೋ ಎಲ್ಲೋ ಕೂತು ಜನರನ್ನ ಕರೆಸಿ ಅಳೆದು ಲೆಕ್ಕ ಹಾಕಿ ಹೇಳಿರೋದು. ಆ ಅಳೆದ ರೀತಿ ಗೊತ್ತಿಲ್ದೆ ಕಾನ್ಸೆಪ್ಟ್ ಮಾತ್ರ ಓದಿದ್ರೆ ಅದು ಯಾರೋ ಹೇಳಿದ ಮಾತಾಗಿ ಉಳಿಯತ್ತೆ ಅಷ್ಟೇ. ಅದಕ್ಕೆ ಈ ಗೈಡ್‌ನಲ್ಲಿ ಎರಡನ್ನೂ ಒಟ್ಟಿಗೆ ಓದೋ ದಾರಿ ಹೇಳ್ತೀನಿ, ಮಧ್ಯದಲ್ಲಿ ಮನೇಲೇ ಮಾಡಬಹುದಾದ ಒಂದು ಪೂರ್ತಿ ಎಕ್ಸ್‌ಪೆರಿಮೆಂಟೂ ಇದೆ.

ಮೊದಲು: ಯಾವ ಚಾಪ್ಟರ್‌ನಿಂದ ಶುರು ಮಾಡೋದು

ಪುಸ್ತಕದ ಮೊದಲ ಚಾಪ್ಟರ್ ಸಾಮಾನ್ಯವಾಗಿ ಚರಿತ್ರೆ ಇರತ್ತೆ. 1879ರಲ್ಲಿ ವಿಲ್‌ಹೆಲ್ಮ್ ವೂಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಲ್ಯಾಬ್ ತೆಗೆದ, ಆಮೇಲೆ ಕಣ್ಣಿಗೆ ಕಾಣೋ ವರ್ತನೆ ಮಾತ್ರ ಅಳೆಯೋಣ ಅನ್ನೋ ಬಿಹೇವಿಯರಿಸಂ ಬಂತು, ಆಮೇಲೆ ಯೋಚನೆ, ನೆನಪನ್ನೂ ನೋಡೋ ಕಾಗ್ನಿಟಿವ್ ಬಂತು, ಹೀಗೆ. ಇದನ್ನ ಒಂದ್ಸಲ ಕಥೆ ಥರ ಓದಿ ಮುಂದಕ್ಕೆ ಹೋಗಿ, ಅಲ್ಲೇ ನಿಂತು ಇಸವಿ ಬಾಯಿಪಾಠ ಮಾಡ್ತಾ ಕೂರಬೇಡಿ. ನಮ್ಮ ಕಡೆ ಇರೋ ಕೊಂಡಿ ಮಾತ್ರ ಗೊತ್ತಿರಲಿ, ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಷ್ಟು ಹಿಂದೆಯೇ ಮನಃಶಾಸ್ತ್ರ ವಿಭಾಗ ಶುರುವಾಯ್ತು, ಅದನ್ನ ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ರ ಓದಿ ಬಂದೋರು. ಬುದ್ಧಿಶಕ್ತಿಯ ಚಾಪ್ಟರ್‌ನಲ್ಲಿ "ಜಿ ಫ್ಯಾಕ್ಟರ್", ಅಂದ್ರೆ ಎಲ್ಲಾ ಥರದ ಬುದ್ಧಿ ಕೆಲಸಕ್ಕೂ ಬೇಕಾಗೋ ಸಾಮಾನ್ಯ ಬುದ್ಧಿಶಕ್ತಿ, ಅಂತ ಬರತ್ತಲ್ಲ, ಅದೇ ಸ್ಪಿಯರ್‌ಮನ್. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿ ಅಂತ ರೇಡಿಯೋ ಶುರು ಮಾಡಿದ್ದೂ ಇದೇ ಗೋಪಾಲಸ್ವಾಮಿಯವ್ರು.

ನಾನು ಹೇಳೋ ಕ್ರಮ ಏನಂದ್ರೆ ಮೊದಲು ಕಲಿಕೆ ಮತ್ತು ನೆನಪು, ಆಮೇಲೆ ಗಮನ ಮತ್ತು ಗ್ರಹಿಕೆ, ಆಮೇಲೆ ಸೋಷಿಯಲ್ ಸೈಕಾಲಜಿ, ಆಮೇಲೆ ಮೆದುಳು ನರಮಂಡಲ, ಬೆಳವಣಿಗೆ, ಕೊನೆಗೆ ವ್ಯಕ್ತಿತ್ವ ಮತ್ತು ಮಾನಸಿಕ ಕಾಯಿಲೆಗಳು. ತುಂಬಾ ಜನ ಫ್ರಾಯ್ಡ್‌ನಿಂದ ಅಥವಾ ಡಿಪ್ರೆಷನ್, ಓಸಿಡಿ ಇಂಥದ್ರಿಂದ ಶುರು ಮಾಡ್ತಾರೆ, ಆಸಕ್ತಿ ಹುಟ್ಟಿರೋದೇ ಅಲ್ಲಿಂದ ಅನ್ನೋದು ಅರ್ಥ ಆಗತ್ತೆ, ಆದ್ರೆ ಅಲ್ಲಿ ಪುರಾವೆ ಯಾವುದು, ಊಹೆ ಯಾವುದು ಅಂತ ಬೇರ್ಪಡಿಸೋಕೆ ಹೊಸಬರಿಗೆ ಆಗಲ್ಲ. ಕಲಿಕೆ ಮತ್ತು ನೆನಪಲ್ಲಿ ಪ್ರಯೋಗಗಳು ಸರಳ, ಕಣ್ಣಿಗೆ ಕಾಣೋ ಹಾಗಿರತ್ತೆ. ಪಾವ್ಲೋವ್ ನಾಯಿಯ ಜೊಲ್ಲನ್ನ ಅಳೆದ, ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳ ಪಟ್ಟಿ ತಾನೇ ಕಲಿತು ತಾನೇ ಮರೆತು 1885ರಲ್ಲಿ ಲೆಕ್ಕ ಬರೆದಿಟ್ಟ. ಏನು ಬದಲಾಯಿಸಿದ್ರು, ಏನು ಅಳೆದ್ರು ಅನ್ನೋದು ಇಲ್ಲಿ ಬೇಗ ಕಣ್ಣಿಗೆ ಬೀಳತ್ತೆ.

ಪುಸ್ತಕ ಒಂದೇ ಸಾಕು. ಎನ್‌ಸಿಇಆರ್‌ಟಿಯ 11 ಮತ್ತು 12ನೇ ಕ್ಲಾಸಿನ ಸೈಕಾಲಜಿ ಪುಸ್ತಕ ನೆಟ್‌ನಲ್ಲಿ ಫ್ರೀಯಾಗಿ ಪಿಡಿಎಫ್ ಸಿಗತ್ತೆ, ಶುರುವಿಗೆ ಅದು ಚೆನ್ನಾಗಿದೆ, ಡಿಗ್ರಿಯೋರು ತಮ್ಮ ಲೈಬ್ರರಿಲಿರೋ ದಪ್ಪದ ಜನರಲ್ ಸೈಕಾಲಜಿ ಪುಸ್ತಕ ಯಾವುದಾದ್ರೂ ಒಂದನ್ನ ಹಿಡ್ಕೊಳ್ಳಿ. ನಾಲ್ಕು ಪುಸ್ತಕ, ಹತ್ತು ಯೂಟ್ಯೂಬ್ ಚಾನೆಲ್ ಒಟ್ಟಿಗೆ ಇಟ್ಕೊಂಡ್ರೆ ಹುಡುಕಾಟದಲ್ಲೇ ತಿಂಗಳು ಕಳೆದೋಗತ್ತೆ.

ಎರಡನೇ ಹೆಜ್ಜೆ: ಒಂದು ಕಾನ್ಸೆಪ್ಟಿಗೆ ಒಂದು ಪುಟ

ಒಂದು ನೋಟ್‌ಬುಕ್ ತಗೊಳ್ಳಿ. ಪ್ರತಿ ಕಾನ್ಸೆಪ್ಟಿಗೂ ಒಂದು ಪುಟ, ಮೇಲೆ ಹೆಸರು, ಅದರ ಕೆಳಗೆ ನಿಮ್ಮ ಮಾತಲ್ಲಿ ಎರಡು ಸಾಲು ಅರ್ಥ. ಇಷ್ಟನ್ನ ಎಲ್ಲರೂ ಮಾಡ್ತಾರೆ. ಅದರ ಕೆಳಗೆ ಈ ಪ್ರಶ್ನೆಗಳಿಗೆ ಉತ್ತರ ಬರೀಬೇಕು: ಇದು ಗೊತ್ತಾಗಿದ್ದು ಹೇಗೆ, ಏನನ್ನ ಅಳೆದ್ರು, ಯಾರ ಮೇಲೆ ಮಾಡಿದ್ರು, ಬಂದ ರಿಸಲ್ಟಿಗೆ ಬೇರೆ ಕಾರಣ ಏನಾದ್ರೂ ಇರಬಹುದಾ. ಕೊನೆಯದೇ ಎಲ್ಲಕ್ಕಿಂತ ಮುಖ್ಯ, ಅದಕ್ಕೆ ಜಾಸ್ತಿ ಜಾಗ ಬಿಡಿ.

ಒಂದು ಪುಟ ತುಂಬಿಸಿ ತೋರಿಸ್ತೀನಿ. ಕಾನ್ಸೆಪ್ಟು: ನೆನಪು ಅನ್ನೋದು ರೆಕಾರ್ಡಿಂಗ್ ಅಲ್ಲ, ಆಮೇಲೆ ಕೇಳೋ ಪ್ರಶ್ನೆಯಿಂದಲೂ ಅದು ಬದಲಾಗತ್ತೆ. ಗೊತ್ತಾಗಿದ್ದು ಹೇಗೆ ಅಂದ್ರೆ 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅಮೆರಿಕದಲ್ಲಿ 45 ಸ್ಟೂಡೆಂಟ್ಸ್‌ಗೆ ಕಾರ್ ಆಕ್ಸಿಡೆಂಟಿನ ಫಿಲ್ಮ್ ತುಣುಕುಗಳನ್ನ ತೋರಿಸಿದ್ರು. ಎಲ್ಲರೂ ನೋಡಿದ್ದು ಅದೇ ಫಿಲ್ಮು. ಆಮೇಲೆ ಕಾರುಗಳು ಎಷ್ಟು ಸ್ಪೀಡಲ್ಲಿ ಇದ್ವು ಅಂತ ಕೇಳಿದ್ರು, ಆದ್ರೆ ಒಂದು ಗುಂಪಿಗೆ "ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ" ಅನ್ನೋ ಅರ್ಥದ ಕ್ರಿಯಾಪದ, ಇನ್ನೊಂದಕ್ಕೆ "ಗುದ್ದಿದಾಗ", ಮತ್ತೊಂದಕ್ಕೆ ಬರೀ "ತಾಗಿದಾಗ", ಹೀಗೆ ಒಟ್ಟು ಐದು ಗುಂಪಿಗೆ ಐದು ಪದ. ಅಪ್ಪಳಿಸಿದಾಗ ಅಂತ ಕೇಳಿಸ್ಕೊಂಡವರ ಸರಾಸರಿ ಅಂದಾಜು ಗಂಟೆಗೆ 40 ಮೈಲಿ ದಾಟ್ತು, ತಾಗಿದಾಗ ಅಂತ ಕೇಳಿಸ್ಕೊಂಡವರದ್ದು 32 ಮೈಲಿ ಹತ್ರ ನಿಲ್ತು.

ಈಗ ಮೆಥಡ್ಸ್ ಪೇಪರ್‌ನ ಶಬ್ದಗಳನ್ನ ಇದರ ಮೇಲೆ ಇಡಿ. ಸಂಶೋಧಕರು ತಾವೇ ಬದಲಾಯಿಸಿದ್ದು ಕ್ರಿಯಾಪದ, ಅದು ಇಂಡಿಪೆಂಡೆಂಟ್ ವೇರಿಯಬಲ್. ಅಳೆದಿದ್ದು ಸ್ಪೀಡಿನ ಅಂದಾಜು, ಅದು ಡಿಪೆಂಡೆಂಟ್ ವೇರಿಯಬಲ್. ಫಿಲ್ಮು, ಪ್ರಶ್ನೆಯ ಉಳಿದ ಭಾಗ ಎಲ್ಲಾ ಎಲ್ಲರಿಗೂ ಒಂದೇ ಇಟ್ಟಿದ್ದು ಕಂಟ್ರೋಲ್. ಬೇರೆ ಬೇರೆ ಜನ ಬೇರೆ ಬೇರೆ ಗುಂಪಲ್ಲಿದ್ರು, ಅದು ಇಂಡಿಪೆಂಡೆಂಟ್ ಗ್ರೂಪ್ಸ್ ಡಿಸೈನ್. ನೋಡಿ, ನಾಲ್ಕು ಡೆಫಿನಿಷನ್ ಉರು ಹೊಡೀದೇನೇ ಬಂತು.

ಬೇರೆ ಕಾರಣ ಇರಬಹುದಾ? ಇರಬಹುದು. ನೆನಪೇ ಬದಲಾಗಿರದೆ, ಸರಿಯಾಗಿ ಗೊತ್ತಿಲ್ಲದ ಸ್ಪೀಡನ್ನ ಆ ಪದ ಕೊಟ್ಟ ಸುಳಿವಿನ ಮೇಲೆ ಊಹಿಸಿ ಹೇಳಿರಬಹುದಲ್ವಾ. ಇದು ಲಾಫ್ಟಸ್ ಅವರಿಗೂ ಹೊಳೆದಿತ್ತು, ಅದಕ್ಕೇ ಎರಡನೇ ಪ್ರಯೋಗ ಮಾಡಿದ್ರು. ಈ ಸಲ 150 ಜನ, 50ರ ಮೂರು ಗುಂಪು, ಒಂದು ಗುಂಪಿಗೆ ಸ್ಪೀಡ್ ಪ್ರಶ್ನೆಯನ್ನೇ ಕೇಳಲಿಲ್ಲ. ಒಂದು ವಾರ ಬಿಟ್ಟು ಕರೆಸಿ "ಒಡೆದ ಗಾಜು ನೋಡಿದ್ರಾ" ಅಂತ ಕೇಳಿದ್ರು. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ. ಅಪ್ಪಳಿಸಿದಾಗ ಗುಂಪಲ್ಲಿ 16 ಜನ ಹೌದು ಅಂದ್ರು, ಗುದ್ದಿದಾಗ ಗುಂಪಲ್ಲಿ 7, ಪ್ರಶ್ನೆಯೇ ಕೇಳದ ಗುಂಪಲ್ಲಿ 6. ಮೊದಲ ಪ್ರಯೋಗದ ಅನುಮಾನಕ್ಕೆ ಎರಡನೇ ಪ್ರಯೋಗ ಉತ್ತರ ಕೊಡೋದು, ಇದೇ ರಿಸರ್ಚ್ ಅಂದ್ರೆ, ಮತ್ತೆ ಇದನ್ನ ಓದುವಾಗ ಸಿಗೋ ಖುಷಿಗೋಸ್ಕರಾನೇ ನಾನು ಈ ವಿಷಯ ಇಷ್ಟ ಪಡೋದು. ಆದ್ರೂ ಪುಟದಲ್ಲಿ ಇನ್ನೊಂದು ಸಾಲು ಬರೀಬೇಕು, ಇವರೆಲ್ಲ ಸ್ಟೂಡೆಂಟ್ಸು, ಪರದೆ ಮೇಲೆ ನೋಡಿದ್ದು, ನಿಜವಾದ ಆಕ್ಸಿಡೆಂಟ್ ನೋಡಿ ಎದೆ ಡವಡವ ಅಂದವರಿಗೂ ಹೀಗೇ ಆಗತ್ತಾ? ಇದಕ್ಕೇ ಇಕಲಾಜಿಕಲ್ ವ್ಯಾಲಿಡಿಟಿ ಅನ್ನೋದು.

ಒಂದು ವಾರಕ್ಕೆ ಇಂಥ ನಾಲ್ಕೈದು ಪುಟ ಆದ್ರೆ ಸಾಕು, ಅವಸರ ಬೇಡ.

ಅಳೆಯೋದು ಅನ್ನೋ ಕಷ್ಟದ ಕೆಲಸ

ಎತ್ತರ ಅಳೆಯೋಕೆ ಟೇಪ್ ಇದೆ. ಸಿಟ್ಟು, ಆತಂಕ, ಬುದ್ಧಿ ಅಳೆಯೋಕೆ? ಇಲ್ಲಿ ಆಪರೇಷನಲ್ ಡೆಫಿನಿಷನ್ ಬರತ್ತೆ, ಅಂದ್ರೆ ಈ ಸ್ಟಡಿಯಲ್ಲಿ ಸಿಟ್ಟು ಅಂದ್ರೆ ನಾನು ಎಣಿಸೋಕೆ ಆಗೋ ಯಾವ ವರ್ತನೆ ಅಂತ ಮೊದಲೇ ಹೇಳಿಬಿಡೋದು. ಬಂಡೂರ ಅನ್ನೋ ಸಂಶೋಧಕ 1961ರಲ್ಲಿ ಬೋಬೋ ಗೊಂಬೆ ಪ್ರಯೋಗ (ದೊಡ್ಡೋರು ಗೊಂಬೆಗೆ ಹೊಡೆಯೋದನ್ನ ನೋಡಿದ ಮಕ್ಕಳೂ ಹಾಗೇ ಮಾಡ್ತಾರಾ ಅಂತ ನೋಡೋದು) ಮಾಡಿದಾಗ ಮಕ್ಕಳ ಆಕ್ರಮಣಶೀಲತೆ ಅಂದ್ರೆ ಗೊಂಬೆಗೆ ಹೊಡೆದಿದ್ದು, ಒದ್ದಿದ್ದು, ಬೈದಿದ್ದನ್ನ ಎಣಿಸಿದ್ದು. ಗೊಂಬೆಗೆ ಹೊಡೆಯೋದೂ ಪಕ್ಕದ ಮಗುವಿಗೆ ಹೊಡೆಯೋದೂ ಒಂದೇನಾ ಅಂತ ನೀವು ಕೇಳಿದ್ರೆ ಅದು ವ್ಯಾಲಿಡಿಟಿ ಪ್ರಶ್ನೆ. ನೋಡ್ತಾ ಕೂತ ಇಬ್ಬರೂ ಒಂದೇ ಲೆಕ್ಕ ಬರೆದ್ರಾ ಅಂದ್ರೆ ಅದು ರಿಲಯಬಿಲಿಟಿ ಪ್ರಶ್ನೆ. ಈ ಎರಡು ಪದ ಎಕ್ಸಾಮ್‌ನಲ್ಲಿ ಅದಲು ಬದಲು ಆಗೋದು ಜಾಸ್ತಿ, ಹೀಗೆ ಇಟ್ಕೊಳ್ಳಿ: ಮತ್ತೆ ಮತ್ತೆ ಅಳೆದ್ರೂ ಅದೇ ಬರತ್ತೆ ಅಂದ್ರೆ ರಿಲಯಬಲ್, ಅಳೀಬೇಕಾಗಿದ್ದನ್ನೇ ಅಳೀತಿದೆ ಅಂದ್ರೆ ವ್ಯಾಲಿಡ್. ಐದು ನಿಮಿಷ ಮುಂದಿರೋ ಗೋಡೆ ಗಡಿಯಾರ ದಿನಾ ಐದು ನಿಮಿಷವೇ ಮುಂದಿದ್ರೆ ರಿಲಯಬಲ್ ಹೌದು, ತೋರಿಸೋ ಟೈಮ್ ಮಾತ್ರ ಸರಿಯಲ್ಲ.

ನಮ್ಮ ಹತ್ರದ ಉದಾಹರಣೆಗಳನ್ನೂ ಪುಟಕ್ಕೆ ಸೇರಿಸಿ. ಫ್ರೆಂಚ್ ಮಕ್ಕಳಿಗೆ ಅಂತ ಹುಟ್ಟಿದ, ಬುದ್ಧಿ ಅಳೆಯೋ ಬಿನೆ ಪರೀಕ್ಷೆ ಅಮೆರಿಕಕ್ಕೆ ಹೋಗಿ ಸ್ಟ್ಯಾನ್‌ಫರ್ಡ್-ಬಿನೆ ಆಯ್ತು, ಅದನ್ನ 1930ರ ದಶಕದಲ್ಲಿ ವಿ. ವಿ. ಕಾಮತ್ ಕನ್ನಡ ಮತ್ತು ಮರಾಠಿ ಮಾತಾಡೋ ಮಕ್ಕಳಿಗೆ ಹೊಂದಿಸಿದ್ರು, ಬಿನೆ-ಕಾಮತ್ ಟೆಸ್ಟ್ ಅಂತ ಈಗಲೂ ಹೆಸರು ಕೇಳ್ತೀರ. ಬರೀ ಭಾಷಾಂತರ ಮಾಡಿದ್ರೆ ಆಗಲ್ಲ, ಇಲ್ಲಿನ ಮಕ್ಕಳು ಯಾವ ವಯಸ್ಸಿಗೆ ಯಾವ ಪ್ರಶ್ನೆಗೆ ಉತ್ತರ ಹೇಳ್ತಾರೆ ಅಂತ ಹೊಸದಾಗಿ ಕಂಡುಕೊಳ್ಳಬೇಕು, ಅದಕ್ಕೆ ನಾರ್ಮ್ಸ್ ಅಂತಾರೆ. ಹಾಗೇ ಕುಪ್ಪುಸ್ವಾಮಿ ಸ್ಕೇಲು, 1976ರದ್ದು, ಓದು, ಉದ್ಯೋಗ, ಆದಾಯ ಸೇರಿಸಿ ಕುಟುಂಬದ ಆರ್ಥಿಕ ಸಾಮಾಜಿಕ ಮಟ್ಟ ಹೇಳತ್ತೆ. ಆದಾಯದ ಅಂಕಿ ಬೆಲೆ ಏರಿಕೆ ಜೊತೆ ಹಳೇದಾಗ್ತಾ ಹೋಗೋದ್ರಿಂದ ಆಗಾಗ ಪರಿಷ್ಕರಿಸ್ತಾನೇ ಇರಬೇಕು. ಅಳತೆಗೋಲಿಗೂ ವಯಸ್ಸಾಗತ್ತೆ ಅನ್ನೋಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಯಾವ ಪ್ರಶ್ನೆಗೆ ಯಾವ ಮೆಥಡ್

ಇದನ್ನ ಬೇಗ ಹೇಳಿ ಮುಗಿಸ್ತೀನಿ. ಕಾರಣ ಬೇಕು ಅಂದ್ರೆ ಎಕ್ಸ್‌ಪೆರಿಮೆಂಟ್. ಬದಲಾಯಿಸೋಕೆ ಆಗಲ್ಲ ಅಥವಾ ಬದಲಾಯಿಸೋದು ತಪ್ಪು ಅಂದ್ರೆ ಕೋರಿಲೇಷನ್, ಅಂದ್ರೆ ಎರಡು ವಿಷಯ ಒಟ್ಟಿಗೆ ಏರಿಳಿಯತ್ತಾ ಅಂತ ನೋಡೋದು. ಸಹಜವಾಗಿ ಏನಾಗತ್ತೆ ನೋಡ್ಬೇಕು ಅಂದ್ರೆ ಅಬ್ಸರ್ವೇಷನ್. ತುಂಬಾ ಜನರ ಅಭಿಪ್ರಾಯ ಬೇಕಂದ್ರೆ ಸರ್ವೆ. ಅಪರೂಪದ ಒಬ್ಬ ವ್ಯಕ್ತಿ ಸಿಕ್ಕಿದ್ರೆ ಕೇಸ್ ಸ್ಟಡಿ, ಉದಾಹರಣೆಗೆ ಹೆನ್ರಿ ಮೊಲೈಸನ್. ಅಪಸ್ಮಾರಕ್ಕೆ ಅಂತ 1953ರಲ್ಲಿ ಆಪರೇಷನ್ ಆಗಿ ಎರಡೂ ಕಡೆ ಹಿಪೊಕ್ಯಾಂಪಸ್ ಅನ್ನೋ ಮೆದುಳಿನ ಭಾಗದ ದೊಡ್ಡ ಪಾಲು ತೆಗೆದ ಮೇಲೆ ಹೊಸ ಘಟನೆಗಳು ನೆನಪಲ್ಲಿ ಉಳೀತಾನೇ ಇರಲಿಲ್ಲ, ಆದ್ರೆ ಕನ್ನಡಿ ನೋಡ್ಕೊಂಡು ನಕ್ಷತ್ರ ಬಿಡಿಸೋದನ್ನ ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತ್ರು, ಹಿಂದಿನ ದಿನ ಮಾಡಿದ್ದು ನೆನಪೇ ಇಲ್ದೆ. ನೆನಪಲ್ಲಿ ಬೇರೆ ಬೇರೆ ಬಗೆ ಇದೆ ಅನ್ನೋದಕ್ಕೆ ಇದು ದೊಡ್ಡ ಪುರಾವೆ. ನಿಮ್ಮ ಕಾಲೇಜ್ ಲ್ಯಾಬ್‌ನಲ್ಲಿರೋ ಮಿರರ್ ಡ್ರಾಯಿಂಗ್ ಪೆಟ್ಟಿಗೆ ಮುಂದೆ ಕೂತಾಗ ಇದನ್ನ ನೆನೆಸ್ಕೊಳ್ಳಿ, ಪ್ರಾಕ್ಟಿಕಲ್‌ಗೆ ಒಂದು ಅರ್ಥ ಬರತ್ತೆ.

ಕೋರಿಲೇಷನ್ ಬಗ್ಗೆ ಮಾತ್ರ ಒಂದು ನಿಮಿಷ. ಕಾಫಿ ಜಾಸ್ತಿ ಕುಡಿಯೋರು ಕಡಿಮೆ ನಿದ್ದೆ ಮಾಡ್ತಾರೆ ಅಂತ ಒಂದು ಸರ್ವೆಲಿ ಬಂತು ಅಂತ ಅಂದ್ಕೊಳ್ಳಿ. ಕಾಫಿಯಿಂದ ನಿದ್ದೆ ಹೋಯ್ತಾ, ನಿದ್ದೆ ಸಾಲದೆ ಕಾಫಿ ಜಾಸ್ತಿ ಆಯ್ತಾ, ಇಲ್ಲಾ ನೈಟ್ ಶಿಫ್ಟ್ ಕೆಲಸ ಇರೋದ್ರಿಂದ ಎರಡೂ ಆಯ್ತಾ? ಅದೇ ಅಂಕಿ ಮೂರು ಕಥೆಗೂ ಹೊಂದತ್ತೆ. ನ್ಯೂಸ್‌ಪೇಪರ್‌ನಲ್ಲಿ "ಮೊಬೈಲ್‌ನಿಂದ ಮಕ್ಕಳಲ್ಲಿ ಹೀಗಾಗತ್ತೆ" ಅಂತ ಸುದ್ದಿ ಬಂದಾಗಲೆಲ್ಲ ಈ ಮೂರು ಕಥೆ ಕಟ್ಟಿ ನೋಡೋದು ಅಭ್ಯಾಸ ಮಾಡ್ಕೊಳ್ಳಿ, ಮೆಥಡ್ಸ್ ಪೇಪರ್‌ಗೆ ಇದಕ್ಕಿಂತ ಒಳ್ಳೆ ತಯಾರಿ ಇಲ್ಲ.

ಈಗ ಮನೇಲಿ ಒಂದು ಪ್ರಯೋಗ ಮಾಡಿ

ಓದಿದ್ದು ಕೈಗೆ ಬರಬೇಕಂದ್ರೆ ಒಂದಾದ್ರೂ ಪ್ರಯೋಗ ಶುರುವಿಂದ ಕೊನೇವರೆಗೂ ನೀವೇ ಮಾಡ್ಬೇಕು. ಸುಲಭದ್ದು ಸ್ಟ್ರೂಪ್. ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ತೋರಿಸಿದ್ದು ಇದು: 100 ಬಣ್ಣದ ಚೌಕಗಳ ಬಣ್ಣ ಹೇಳೋಕೆ ಜನರಿಗೆ ಸರಾಸರಿ 63 ಸೆಕೆಂಡ್ ಆದ್ರೆ, ಬೇರೆ ಬಣ್ಣದ ಹೆಸರು ಬರೆದಿರೋ ಪದಗಳ ಶಾಯಿಯ ಬಣ್ಣ ಹೇಳೋಕೆ 110 ಸೆಕೆಂಡ್ ಆಯ್ತು. ಓದೋದು ನಮಗೆ ಎಷ್ಟು ರೂಢಿ ಆಗಿದೆ ಅಂದ್ರೆ ಓದಬೇಡ ಅಂದ್ರೂ ಕಣ್ಣು ಓದಿಬಿಡತ್ತೆ, ಅದೇ ಅಡ್ಡಿ.

ಎರಡು ಬಿಳಿ ಹಾಳೆ, ಕೆಂಪು ನೀಲಿ ಹಸಿರು ಕಪ್ಪು ಸ್ಕೆಚ್ ಪೆನ್ ತಗೊಳ್ಳಿ. ಹಳದಿ ಬೇಡ, ಬಿಳಿ ಹಾಳೆ ಮೇಲೆ ಸರಿಯಾಗಿ ಕಾಣಲ್ಲ. ಮೊದಲ ಹಾಳೆಲಿ ಇದೇ ನಾಲ್ಕು ಬಣ್ಣದ ಹೆಸರುಗಳನ್ನ ಕನ್ನಡದಲ್ಲಿ ಅದೇ ಬಣ್ಣದ ಪೆನ್ನಲ್ಲಿ ಬರೀರಿ, ಕೆಂಪು ಅನ್ನೋದನ್ನ ಕೆಂಪಲ್ಲೇ, ಒಟ್ಟು 20 ಪದ, ಕ್ರಮ ಕಲಸಿ. ಎರಡನೇ ಹಾಳೆಲಿ ಅದೇ 20 ಪದ, ಆದ್ರೆ ಪದ ಒಂದು, ಶಾಯಿ ಇನ್ನೊಂದು. ಅಕ್ಷರದ ಸೈಜು, ಸಾಲಿನ ಅಂತರ ಎರಡರಲ್ಲೂ ಒಂದೇ ಇರಲಿ. ಬಂದವರು ಪದ ಓದಬಾರದು, ಶಾಯಿಯ ಬಣ್ಣ ಹೇಳಬೇಕು. ಫೋನಿನ ಸ್ಟಾಪ್‌ವಾಚ್‌ನಲ್ಲಿ ಟೈಮ್ ನೋಡಿ.

ಶುರು ಮಾಡೋಕೆ ಮುಂಚೆ ಹೈಪಾಥಿಸಿಸ್, ಅಂದ್ರೆ ಏನಾಗತ್ತೆ ಅನ್ನೋ ನಿಮ್ಮ ಊಹೆ, ಬರೆದಿಡಿ, ರಿಸಲ್ಟ್ ನೋಡಿ ಆಮೇಲೆ ಬರೆಯೋದಲ್ಲ. "ಪದ ಮತ್ತು ಶಾಯಿ ಬೇರೆ ಇದ್ದಾಗ ತಗೊಳ್ಳೋ ಸಮಯ ಜಾಸ್ತಿ ಇರತ್ತೆ." ಒಬ್ಬರೇ ಎರಡೂ ಹಾಳೆ ಮಾಡ್ತಾರಲ್ಲ, ಇದು ರಿಪೀಟೆಡ್ ಮೆಷರ್ಸ್ ಡಿಸೈನ್. ಹಾಗಾಗಿ ಒಂದು ತೊಂದರೆ ಇದೆ, ಎಲ್ಲರೂ ಮೊದಲ ಹಾಳೆ ಮುಗಿಸಿ ಎರಡನೇದಕ್ಕೆ ಬಂದ್ರೆ ಅಷ್ಟೊತ್ತಿಗೆ ಅಭ್ಯಾಸ ಆಗಿರತ್ತೆ ಇಲ್ಲಾ ಬೇಜಾರು ಬಂದಿರತ್ತೆ. ಅರ್ಧ ಜನರಿಗೆ ಮೊದಲು ಆ ಹಾಳೆ, ಉಳಿದ ಅರ್ಧಕ್ಕೆ ಮೊದಲು ಈ ಹಾಳೆ ಕೊಡಿ, ಅದೇ ಕೌಂಟರ್‌ಬ್ಯಾಲೆನ್ಸಿಂಗ್. ಸೂಚನೆಯನ್ನ ಚೀಟಿಲಿ ಬರೆದಿಟ್ಟು ಎಲ್ಲರಿಗೂ ಅದನ್ನೇ ಓದಿ ಹೇಳಿ, ಅಕ್ಕನಿಗೆ ನಗ್ತಾ ಒಂಥರ, ಪಕ್ಕದ ಮನೆ ಅಂಕಲ್‌ಗೆ ಗಂಭೀರವಾಗಿ ಇನ್ನೊಂಥರ ಹೇಳಿದ್ರೆ ಅದೂ ಒಂದು ವೇರಿಯಬಲ್ ಆಗೋಗತ್ತೆ. ಟಿವಿ ಆಫ್ ಮಾಡಿಸಿ. ತಪ್ಪು ಹೇಳಿದ್ರೆ ತಿದ್ದಿಕೊಂಡು ಮುಂದೆ ಹೋಗೋದು ಅಂತ ಮೊದಲೇ ನಿಯಮ ಮಾಡಿ, ತಪ್ಪುಗಳನ್ನೂ ಎಣಿಸಿ. ಕೆಂಪು ಹಸಿರು ವ್ಯತ್ಯಾಸ ಕಾಣದೇ ಇರೋರು ಇರ್ತಾರೆ, ಅದನ್ನ ಮೆಲ್ಲಗೆ ಕೇಳಿ ತಿಳ್ಕೊಳ್ಳಿ.

ಇನ್ನೊಂದು ಸ್ವಾರಸ್ಯ ಇದೆ. ಮನೇಲಿ ಓದೋಕೆ ಬರದ ಅಜ್ಜಿ ಇದ್ರೆ ಅವರಿಗೆ ಎರಡೂ ಹಾಳೆಗೆ ಹೆಚ್ಚೂ ಕಡಿಮೆ ಒಂದೇ ಟೈಮ್ ಆಗಬೇಕು, ಯಾಕಂದ್ರೆ ಪದ ಅವರಿಗೆ ಅಡ್ಡಿ ಮಾಡಲ್ಲ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡ ಹಾಳೆ, ಇಂಗ್ಲಿಷ್ ಹಾಳೆ ಎರಡನ್ನೂ ಕೊಟ್ಟು ಎಲ್ಲಿ ಅಡ್ಡಿ ಜಾಸ್ತಿ ಅಂತ ನೋಡಬಹುದು. ಡಿಗ್ರಿಲಿ ಪ್ರಾಜೆಕ್ಟ್ ಟಾಪಿಕ್ ಸಿಗ್ತಿಲ್ಲ ಅನ್ನೋರು ಇದನ್ನ ಯೋಚಿಸಿ, ಖರ್ಚಿಲ್ಲ, ಪ್ರಶ್ನೆ ನಿಜವಾದ್ದು.

ಲೆಕ್ಕ: ಒಂದ್ಸಲ ಕೈಯಲ್ಲಿ, ಆಮೇಲೆ ಸಾಫ್ಟ್‌ವೇರಲ್ಲಿ

ಲೆಕ್ಕ ತೋರಿಸೋಕೆ ಅಂತ ಐದು ಜನರ ಅಂಕಿ ನಾನೇ ಕಲ್ಪಿಸಿ ಬರೀತೀನಿ, ಇದು ನಿಜವಾದ ಡೇಟಾ ಅಲ್ಲ. ಮೊದಲ ಹಾಳೆಗೆ 15, 14, 16, 13, 17 ಸೆಕೆಂಡ್. ಎರಡನೇ ಹಾಳೆಗೆ ಅದೇ ಜನಕ್ಕೆ 23, 17, 28, 18, 29. ಸರಾಸರಿ 15 ಮತ್ತು 23. ಪ್ರತಿಯೊಬ್ಬರ ವ್ಯತ್ಯಾಸ 8, 3, 12, 5, 12, ಅದರ ಸರಾಸರಿ 8. ಈಗ ಪ್ರತಿ ವ್ಯತ್ಯಾಸದಿಂದ 8 ಕಳೀರಿ: 0, -5, 4, -3, 4. ವರ್ಗ ಮಾಡಿ ಕೂಡಿಸಿದ್ರೆ 66. ಜನ ಐದು, ಒಂದು ಕಳೆದು 4ರಿಂದ ಭಾಗಿಸಿದ್ರೆ 16.5, ವರ್ಗಮೂಲ 4.06, ಇದು ವ್ಯತ್ಯಾಸಗಳ ಸ್ಟ್ಯಾಂಡರ್ಡ್ ಡೀವಿಯೇಷನ್. ಇದನ್ನ 5ರ ವರ್ಗಮೂಲದಿಂದ ಭಾಗಿಸಿದ್ರೆ 1.82. ಸರಾಸರಿ ವ್ಯತ್ಯಾಸ 8ನ್ನ 1.82ರಿಂದ ಭಾಗಿಸಿದ್ರೆ 4.4. ಇದೇ ಪೇರ್ಡ್ ಟಿ. ಪುಸ್ತಕದ ಹಿಂದಿನ ಟೇಬಲ್‌ನಲ್ಲಿ ಡಿಗ್ರೀಸ್ ಆಫ್ ಫ್ರೀಡಂ (ಇಲ್ಲಿ ಜನರ ಸಂಖ್ಯೆಗಿಂತ ಒಂದು ಕಡಿಮೆ) 4ಕ್ಕೆ, 0.05 ಮಟ್ಟದಲ್ಲಿ, ಟೂ-ಟೇಲ್ಡ್ ಬೆಲೆ 2.776. ನಮ್ಮದು ಅದಕ್ಕಿಂತ ಜಾಸ್ತಿ, ಹಾಗಾಗಿ ಸಿಗ್ನಿಫಿಕೆಂಟ್, ಅಂದ್ರೆ ಬರೀ ಆಕಸ್ಮಿಕ ಅಂತ ಸುಲಭವಾಗಿ ತಳ್ಳಿಹಾಕೋಕೆ ಆಗಲ್ಲ.

ಇಷ್ಟು ಲೆಕ್ಕ ಒಂದ್ಸಲ ಪೆನ್ನಲ್ಲಿ ಮಾಡಿದ್ರೆ ಟಿ ಅಂದ್ರೆ ಏನು ಅಂತ ಗೊತ್ತಾಗತ್ತೆ, ವ್ಯತ್ಯಾಸ ಎಷ್ಟಿದೆ ಅನ್ನೋದನ್ನ, ಆ ವ್ಯತ್ಯಾಸ ಎಷ್ಟು ಏರುಪೇರಾಗತ್ತೆ ಅನ್ನೋದ್ರಿಂದ ಭಾಗಿಸಿದ್ದು. ಆಮೇಲಿಂದ ಜಮೋವಿ ಅಥವಾ ಜಾಸ್ಪ್ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಎರಡೂ ಫ್ರೀ, ಸಾಧಾರಣ ಲ್ಯಾಪ್‌ಟಾಪಲ್ಲೂ ಓಡತ್ತೆ.

ಸಾಫ್ಟ್‌ವೇರ್ ಟಿ ಜೊತೆಗೆ ಕೊಡೋ ಪಿ ವ್ಯಾಲ್ಯೂ ಬಗ್ಗೆ ಎಚ್ಚರ. ಅದರ ಅರ್ಥ: ಎರಡು ಹಾಳೆಗೂ ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲ ಅಂತ ಒಪ್ಕೊಂಡ್ರೆ, ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣೋ ಸಾಧ್ಯತೆ ಎಷ್ಟು ಅನ್ನೋದು. "ನನ್ನ ಹೈಪಾಥಿಸಿಸ್ ನಿಜ ಆಗಿರೋ ಸಾಧ್ಯತೆ 95 ಪರ್ಸೆಂಟ್" ಅಂತ ಅಲ್ಲವೇ ಅಲ್ಲ. ನೋಟ್ಸ್‌ಗಳಲ್ಲಿ, ಗೈಡ್‌ಗಳಲ್ಲಿ ಹೀಗೆ ತಪ್ಪಾಗಿ ಬರೆದಿರೋದು ಸಿಗತ್ತೆ, ಅದನ್ನ ಉತ್ತರ ಪತ್ರಿಕೆಗೆ ಇಳಿಸಬೇಡಿ. ಸಿಗ್ನಿಫಿಕೆಂಟ್ ಅಂದ ಮಾತ್ರಕ್ಕೆ ವ್ಯತ್ಯಾಸ ದೊಡ್ಡದು ಅಂತಲೂ ಅಲ್ಲ, ಅದಕ್ಕೆ ಎಫೆಕ್ಟ್ ಸೈಜ್ ಬೇರೆ ನೋಡ್ಬೇಕು.

ಫೇಮಸ್ ಸ್ಟಡಿಗಳನ್ನ ಪೂರ್ತಿ ಓದಿ, ತಲೆಬರಹ ಅಲ್ಲ

ಮಿಲ್‌ಗ್ರಾಮ್ ಪ್ರಯೋಗದಲ್ಲಿ, ಪಕ್ಕದ ರೂಮಲ್ಲಿರೋನು ತಪ್ಪು ಉತ್ತರ ಹೇಳಿದಾಗೆಲ್ಲ ಜಾಸ್ತಿ ಜಾಸ್ತಿ ಕರೆಂಟ್ ಶಾಕ್ ಕೊಡು ಅಂತ ಸಂಶೋಧಕ ಹೇಳ್ತಿದ್ದ (ಶಾಕ್ ನಿಜವಾದ್ದಲ್ಲ, ಕೊಡೋರಿಗೆ ಅದು ಗೊತ್ತಿರಲಿಲ್ಲ). ಮಿಲ್‌ಗ್ರಾಮ್ ಅಂದ ತಕ್ಷಣ ಎಲ್ಲರೂ "65 ಪರ್ಸೆಂಟ್ ಜನ 450 ವೋಲ್ಟ್‌ವರೆಗೂ ಹೋದ್ರು" ಅಂತ ಬರೀತಾರೆ. ನಿಜ, 1963ರ ಆ ಪೇಪರ್‌ನಲ್ಲಿ 40 ಗಂಡಸರಲ್ಲಿ 26 ಜನ. ಆದ್ರೆ ಅದು ಹಲವು ಪ್ರಯೋಗಗಳಲ್ಲಿ ಒಂದು ಮಾತ್ರ. ಯೇಲ್ ಯೂನಿವರ್ಸಿಟಿ ಬಿಟ್ಟು ಇನ್ನೊಂದು ಊರಿನ ಸಾಧಾರಣ ಆಫೀಸ್ ಬಿಲ್ಡಿಂಗಲ್ಲಿ ಮಾಡಿದಾಗ ಅರ್ಧಕ್ಕಿಂತ ಕಡಿಮೆ ಆಯ್ತು, ಸೂಚನೆ ಕೊಡೋನು ಫೋನಲ್ಲಿ ಹೇಳಿದಾಗ ಸುಮಾರು ಐದರಲ್ಲಿ ಒಬ್ಬರಿಗೆ ಇಳೀತು. ಮನುಷ್ಯರು ಎಂಥೋರು ಅನ್ನೋದಕ್ಕಿಂತ ಯಾವ ಸನ್ನಿವೇಶದಲ್ಲಿ ವಿಧೇಯತೆ ಏರತ್ತೆ, ಯಾವುದ್ರಲ್ಲಿ ಇಳಿಯತ್ತೆ ಅನ್ನೋದೇ ಅಲ್ಲಿನ ತಿರುಳು. ಹತ್ತು ಮಾರ್ಕ್ಸ್ ಪ್ರಶ್ನೆಗೆ ಇದನ್ನ ಬರೆದ್ರೆ ನೀವು ನಿಜವಾಗಿ ಓದಿದ್ದೀರ ಅಂತ ವ್ಯಾಲ್ಯುಯೇಟರ್‌ಗೆ ಕಾಣತ್ತೆ.

ಇನ್ನು ಎರಡು ದೊಡ್ಡ ಅನುಮಾನಗಳನ್ನ ಯಾವಾಗಲೂ ಜೊತೆಗಿಟ್ಕೊಳ್ಳಿ. 2015ರಲ್ಲಿ ಸಂಶೋಧಕರ ದೊಡ್ಡ ಗುಂಪೊಂದು ಒಳ್ಳೊಳ್ಳೆ ಜರ್ನಲ್‌ಗಳಲ್ಲಿ ಬಂದಿದ್ದ 100 ಸ್ಟಡಿಗಳನ್ನ ಮತ್ತೆ ಮಾಡಿ ನೋಡ್ತು. ಮೂಲದಲ್ಲಿ 97 ಪರ್ಸೆಂಟ್ ಸಿಗ್ನಿಫಿಕೆಂಟ್ ಇದ್ವು, ಮತ್ತೆ ಮಾಡಿದಾಗ ಸಿಕ್ಕಿದ್ದು 36 ಪರ್ಸೆಂಟ್. ಇದನ್ನ ಕೇಳಿ "ಹಾಗಾದ್ರೆ ಸೈಕಾಲಜಿ ಎಲ್ಲಾ ಸುಳ್ಳು" ಅನ್ನೋರಿದ್ದಾರೆ, ನನಗೆ ಹಾಗನ್ಸಲ್ಲ, ತನ್ನನ್ನ ತಾನೇ ಹೀಗೆ ಪರೀಕ್ಷೆಗೆ ಒಡ್ಡಿಕೊಳ್ಳೋದು ವಿಜ್ಞಾನದ ಗಟ್ಟಿತನ. ಆಮೇಲಿಂದ ಸ್ಯಾಂಪಲ್ ದೊಡ್ಡದು ತಗೊಳ್ಳೋದು, ಹೈಪಾಥಿಸಿಸ್ ಮೊದಲೇ ನೋಂದಾಯಿಸೋದು, ಡೇಟಾ ಎಲ್ಲರಿಗೂ ತೆರೆದಿಡೋದು ಜಾಸ್ತಿ ಆಗಿದೆ. ಎರಡನೇದು ಸ್ಯಾಂಪಲ್ ಎಲ್ಲಿಯವರು ಅನ್ನೋದು. ಹೆನ್ರಿಕ್, ಹೈನ್, ನೊರೆನ್‌ಜಯಾನ್ ಅನ್ನೋ ಮೂವರು 2010ರಲ್ಲಿ ಬರೆದ ಪೇಪರ್‌ನ ವಾದ ಇದು, ಸೈಕಾಲಜಿ ಹೇಳೋ "ಮನುಷ್ಯ" ಬಹುಪಾಲು ಪಾಶ್ಚಾತ್ಯ ಶ್ರೀಮಂತ ದೇಶಗಳ ವಿದ್ಯಾವಂತ ಮನುಷ್ಯ, ಅದರಲ್ಲೂ ಕಾಲೇಜ್ ಸ್ಟೂಡೆಂಟು. ರಾಯಚೂರಿನ ರೈತರಿಗೆ, ಕೊಡಗಿನ ತೋಟದ ಕೆಲಸದವರಿಗೆ ಅದೇ ಹೊಂದತ್ತೆ ಅಂತ ಯಾರೂ ಅಳೆದು ನೋಡದೆ ಹೇಳೋ ಹಾಗಿಲ್ಲ. ನಿಮ್ಮ ನೋಟ್‌ಬುಕ್‌ನ "ಯಾರ ಮೇಲೆ ಮಾಡಿದ್ರು" ಅನ್ನೋ ಸಾಲು ಇದಕ್ಕೇ ಇರೋದು.

ಎಥಿಕ್ಸ್ ಅಂದ್ರೆ ಕೊನೇ ಚಾಪ್ಟರ್ ಅಲ್ಲ

1920ರಲ್ಲಿ ವಾಟ್ಸನ್ ಮತ್ತು ರೇನರ್ ಸುಮಾರು ಒಂಬತ್ತು ತಿಂಗಳ ಮಗು ಆಲ್ಬರ್ಟ್‌ನನ್ನ ಆರಿಸ್ಕೊಂಡು, ಅದಕ್ಕೆ ಹನ್ನೊಂದು ತಿಂಗಳಾದಾಗ ಬಿಳಿ ಇಲಿ ಕಂಡ್ರೆ ಹೆದರೋ ಹಾಗೆ ಮಾಡಿದ್ರು, ಆ ಹೆದರಿಕೆ ಬಿಡಿಸಲೇ ಇಲ್ಲ. ಇವತ್ತು ಯಾವ ಎಥಿಕ್ಸ್ ಕಮಿಟಿಯೂ ಒಪ್ಪಲ್ಲ. ಭಾರತದಲ್ಲಿ ಮನುಷ್ಯರ ಮೇಲಿನ ಸಂಶೋಧನೆಗೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಇದೆ. ನಿಮ್ಮ ಮನೆ ಪ್ರಯೋಗಕ್ಕೂ ನಿಯಮ ಅದೇ ಮನೋಭಾವದ್ದು: ಏನು ಮಾಡಿಸ್ತೀರ ಅಂತ ಮೊದಲೇ ಹೇಳಿ, ಒಪ್ಪಿದ್ರೆ ಮಾತ್ರ ಮಾಡಿ, ಮಧ್ಯದಲ್ಲಿ ಸಾಕು ಅಂದ್ರೆ ಬಿಟ್ಬಿಡಿ, ಹೆಸರು ಬರೀಬೇಡಿ ನಂಬರ್ ಹಾಕಿ, ಮುಗಿದ ಮೇಲೆ ಏನು ನೋಡ್ತಿದ್ವಿ ಅಂತ ವಿವರಿಸಿ. ಯಾರ ಟೈಮ್ ಜಾಸ್ತಿ ಆಯ್ತು ಅಂತ ಮನೆಮಂದಿ ಮುಂದೆ ಹೇಳಬೇಡಿ, ಮಕ್ಕಳಿಗೆ ಅದು ನಾಟಿಬಿಡತ್ತೆ.

ಮಾನಸಿಕ ಕಾಯಿಲೆಗಳ ಚಾಪ್ಟರ್ ಓದುವಾಗ ಲಕ್ಷಣಗಳೆಲ್ಲಾ ತನಗೇ ಇದೆ ಅನ್ಸೋದು, ಫ್ರೆಂಡಿಗೆ "ನಿಂಗೆ ಬೈಪೋಲಾರ್" ಅಂತ ಹೇಳಿಬಿಡೋದು, ಎರಡೂ ಆಗತ್ತೆ. ಡಯಾಗ್ನೋಸಿಸ್ ಮಾಡೋದು ತರಬೇತಿ ಆದವರ ಕೆಲಸ, ಪುಸ್ತಕದ ಪಟ್ಟಿಯಿಂದ ಆಗಲ್ಲ. ನಿಜವಾಗಿಯೂ ಮನಸ್ಸು ಭಾರ ಆಗಿದ್ರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ.

ನೆನಪಲ್ಲಿ ಉಳಿಸ್ಕೊಳ್ಳೋದು

ಇದಕ್ಕೂ ರಿಸರ್ಚ್ ಇದೆ, ಬಳಸ್ಕೊಳ್ಳಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಸ್ಟೂಡೆಂಟ್ಸ್‌ಗೆ ಒಂದು ಪಾಠ ಓದಿಸಿ, ಕೆಲವರಿಗೆ ಮತ್ತೆ ಓದೋಕೆ ಹೇಳಿದ್ರು, ಕೆಲವರಿಗೆ ಪಾಠ ಮುಚ್ಚಿಟ್ಟು ನೆನಪಿರೋದನ್ನ ಬರೆಯೋಕೆ ಹೇಳಿದ್ರು. ಐದು ನಿಮಿಷ ಬಿಟ್ಟು ಟೆಸ್ಟ್ ಮಾಡಿದಾಗ ಮತ್ತೆ ಓದಿದೋರೇ ಮುಂದಿದ್ರು. ಒಂದು ವಾರ ಬಿಟ್ಟು ನೋಡಿದ್ರೆ ಮುಚ್ಚಿಟ್ಟು ಬರೆದವರಿಗೆ 56 ಪರ್ಸೆಂಟ್ ನೆನಪಿತ್ತು, ಮತ್ತೆ ಓದಿದವರಿಗೆ 42. ಅಂದ್ರೆ ಓದಿದ ತಕ್ಷಣ "ಗೊತ್ತಾಯ್ತು" ಅನ್ನೋ ಭಾವನೆ ನಂಬೋ ಹಾಗಿಲ್ಲ. ಹೈಲೈಟರ್ ಪಕ್ಕಕ್ಕಿಡಿ. ನೋಟ್‌ಬುಕ್ ಮುಚ್ಚಿ ಖಾಲಿ ಹಾಳೆಲಿ ಆ ಪುಟ ಮತ್ತೆ ಬರೀರಿ, ಮಾರನೇ ದಿನ ಒಂದ್ಸಲ, ನಾಲ್ಕು ದಿನ ಬಿಟ್ಟು ಒಂದ್ಸಲ, ಎರಡು ವಾರ ಬಿಟ್ಟು ಒಂದ್ಸಲ.

ಕನ್ನಡ ಮೀಡಿಯಂನಿಂದ ಬಂದು ಡಿಗ್ರಿಲಿ ಇಂಗ್ಲಿಷ್‌ನಲ್ಲಿ ಬರೀಬೇಕಾದೋರು ಕಂಗಾಲಾಗೋದು ಬೇಡ. ವಿವರಣೆಯನ್ನ ಕನ್ನಡದಲ್ಲೇ ಯೋಚಿಸಿ, ಅಮ್ಮನಿಗೋ ತಮ್ಮನಿಗೋ ಬಾಯಲ್ಲಿ ಹೇಳಿ ನೋಡಿ, ಅವರಿಗೆ ಅರ್ಥ ಆದ್ರೆ ನಿಮಗೂ ಆಗಿದೆ ಅಂತ, ಆಮೇಲೆ ಟೆಕ್ನಿಕಲ್ ಪದಗಳನ್ನ ಮಾತ್ರ ಇಂಗ್ಲಿಷ್‌ನಲ್ಲಿ ಸ್ಪೆಲಿಂಗ್ ಸಮೇತ ಅಭ್ಯಾಸ ಮಾಡಿ.

ಕೊನೇ ಹೆಜ್ಜೆ: ಒರಿಜಿನಲ್ ಪೇಪರ್ ಓದೋದು

ಮೂರು ನಾಲ್ಕು ತಿಂಗಳಾದ ಮೇಲೆ ಗೂಗಲ್ ಸ್ಕಾಲರ್‌ಗೆ ಹೋಗಿ ನಿಮ್ಮ ನೋಟ್‌ಬುಕ್‌ನಲ್ಲಿರೋ ಯಾವುದಾದ್ರೂ ಒಂದು ಸ್ಟಡಿ ಹುಡುಕಿ, ಬಲಗಡೆ ಪಿಡಿಎಫ್ ಲಿಂಕ್ ಇದ್ರೆ ಫ್ರೀಯಾಗಿ ಸಿಗತ್ತೆ. ಮೊದಲ ಪುಟದಿಂದ ಕೊನೇವರೆಗೂ ಒಂದೇ ಉಸಿರಲ್ಲಿ ಓದೋಕೆ ಹೋಗಬೇಡಿ. ಮೊದಲು ಅಬ್‌ಸ್ಟ್ರಾಕ್ಟ್, ಆಮೇಲೆ ನೇರ ಮೆಥಡ್ ಭಾಗ, ಅಲ್ಲಿ ಜನ ಎಷ್ಟು, ಏನು ಮಾಡಿಸಿದ್ರು ಅಂತ ನಿಮ್ಮ ಮಾತಲ್ಲಿ ಬರೀರಿ. ಆಮೇಲೆ ಗ್ರಾಫು ಟೇಬಲ್ ನೋಡಿ, ಡಿಸ್ಕಷನ್ ಓದೋಕೆ ಮುಂಚೆ ಇದರಿಂದ ಏನು ಹೇಳಬಹುದು, ಏನು ಹೇಳೋಕೆ ಆಗಲ್ಲ ಅಂತ ನೀವೇ ಎರಡು ಸಾಲು ಬರೀರಿ. ಅದಾದ ಮೇಲೆ ಲೇಖಕರ ಡಿಸ್ಕಷನ್ ಓದಿ ಹೋಲಿಸಿ. ಲಾಫ್ಟಸ್-ಪಾಮರ್ ಪೇಪರ್ ಚಿಕ್ಕದು, ಐದು ಪುಟ, ಭಾಷೆ ಸರಳ, ಮೊದಲನೇದಕ್ಕೆ ಅದನ್ನೇ ತಗೊಳ್ಳಿ. ಲೆಕ್ಕದ ಸಾಲುಗಳು ಅರ್ಥ ಆಗದಿದ್ರೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ದಾಟ್ಕೊಂಡು ಹೋಗಿ, ಸ್ಟ್ಯಾಟಿಸ್ಟಿಕ್ಸ್ ಯೂನಿಟ್ ಮುಗಿದ ಮೇಲೆ ಅದೇ ಪೇಪರ್‌ಗೆ ವಾಪಸ್ ಬಂದು ಗುರುತು ಹಾಕಿದ ಸಾಲುಗಳನ್ನ ಮಾತ್ರ ಓದಿ.